ನೀರು ಎಲ್ಲಿಗೆ ಹೋಯಿತು? ಬಂಡೆಯ ಬಿರುಕನ್ನು ಕಿವಿಯಿಂದ ಕಾಣುವ ವಿದ್ಯೆ

ಕೆಲವು ವರ್ಷಗಳ ಹಿಂದೆ ಪುರಾಣ ಪ್ರವಚನದ ನಿಮಿತ್ತ ಕೊಪ್ಪಳ ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆವು. ನಾವು ಇಳಿದುಕೊಂಡಿದ್ದ ಭಕ್ತರ ಮನೆಯ ಹೊಲದಲ್ಲಿ ಕೊಳವೆಬಾವಿಯೊಂದು ಬತ್ತಿ ನಿಂತಿತ್ತು. ಹೊಸ ಬಾವಿ ಕೊರೆಯಿಸುವ ಶಕ್ತಿ ಆ ಮನೆಗಿರಲಿಲ್ಲ. ಆದ್ದರಿಂದ ಯಾರೋ ಹೇಳಿದರೆಂದು ಒಂದು ಲಾರಿಯನ್ನು ಕರೆಸಿದ್ದರು. ಅದರವರು ರಬ್ಬರಿನ ದಪ್ಪ ಬಿರಡೆಯಂಥ ಸಾಧನವೊಂದನ್ನು ಕೇಸಿಂಗ್ ಪೈಪಿನ ಕೆಳಗೆ, ಬರಿಯ ಬಂಡೆ ಇರುವ ಭಾಗದವರೆಗೆ ಇಳಿಸಿ, ಅದನ್ನು ಉಬ್ಬಿಸಿ ಬಾವಿಯ ಬಾಯಿ ಬಿಗಿದರು. ಆಮೇಲೆ ಪಂಪಿನಿಂದ ನೀರನ್ನು ಅತಿಯಾದ ಒತ್ತಡದಲ್ಲಿ ಒಳಗೆ ನೂಕಿದರು. ಒತ್ತಡದ ಮುಳ್ಳು ಮೇಲೇರುತ್ತ ಹೋಗಿ, ಒಂದು ಕ್ಷಣದಲ್ಲಿ ಥಟ್ಟನೆ ಕೆಳಗಿಳಿಯಿತು. "ಬಂಡಿ ಬಾಯಿ ಬಿಡ್ತು" ಎಂದ ಲಾರಿಯವನು. ಇದಕ್ಕೆ ಹೈಡ್ರೋಫ್ರ್ಯಾಕ್ಚರಿಂಗ್ ಎಂದು ಹೆಸರು. ಬಂಡೆಯೊಳಗಣ ಮುಚ್ಚಿಹೋದ ಸೀಳುಗಳನ್ನು ನೀರಿನ ಬಲದಿಂದ ತೆರೆಯುವ ಉಪಾಯವಿದು.

ಆ ಮನೆಯ ಹಿರಿಯ ತಾಯಿ ಬದುವಿನ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ನಮ್ಮತ್ತ ತಿರುಗಿ, "ಶಾಸ್ತ್ರಿಗಳೇ, ಅಷ್ಟು ನೀರು ಒಳಗ ಹೋತಲ್ಲ, ಅದು ಎಲ್ಲಿಗೆ ಹೋತು?" ಎಂದು ಕೇಳಿದರು. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿದ ನಮಗೆ ಉತ್ತರ ತಿಳಿಯಲಿಲ್ಲ. ಲಾರಿಯವನಿಗೂ ತಿಳಿದಿರಲಿಲ್ಲ. ಮರುದಿನ ಮುಂಜಾನೆ ನೆರೆಹೊಲದವರು ಬಂದು, ತಮ್ಮ ಬಾವಿಯ ನೀರು ಕೆಂಪಾಗಿ ರಾಡಿಯಾಗಿದೆಯೆಂದು ಮುನಿಸಿನಿಂದ ಹೇಳಿದಾಗ, ನೀರು ಯಾವ ದಿಕ್ಕಿಗೆ ಹೋಗಿತ್ತೆಂಬುದು ಎಲ್ಲರಿಗೂ ಗೊತ್ತಾಯಿತು.

ಆ ತಾಯಿ ಕೇಳಿದ ಪ್ರಶ್ನೆಯನ್ನೇ ಪ್ರಪಂಚದ ದೊಡ್ಡ ದೊಡ್ಡ ಭೂವಿಜ್ಞಾನಿಗಳು ಅರ್ಧ ಶತಮಾನಕ್ಕೂ ಮಿಕ್ಕಿ ಕೇಳುತ್ತಿದ್ದಾರೆ ಎಂಬುದು ನಮಗೆ ಆಮೇಲೆ ಓದಿನಿಂದ ತಿಳಿಯಿತು. ನಮ್ಮ ಹೊಲದಲ್ಲಿ ನೆರೆಯ ಬಾವಿ ಸಾಕ್ಷಿ ಹೇಳಿತು. ಎರಡು ಮೂರು ಕಿಲೋಮೀಟರ್ ಆಳದಲ್ಲಿ ಸಾಕ್ಷಿ ಹೇಳುವವರು ಯಾರು?

ಅಷ್ಟು ಆಳದಲ್ಲಿ ಬಂಡೆಯನ್ನು ಬಿರಿಸುವ ಕೆಲಸ ಆರಂಭವಾದದ್ದು ತೈಲ ಮತ್ತು ಅನಿಲಕ್ಕಾಗಿ. 1947ರಲ್ಲಿ ಅಮೆರಿಕಾದ ಕಾನ್ಸಾಸ್ ಪ್ರಾಂತದ ಹ್ಯೂಗೊಟನ್ ಅನಿಲಕ್ಷೇತ್ರದಲ್ಲಿ ಮೊದಲ ಪ್ರಯೋಗ ನಡೆಯಿತು. 1949ರಿಂದ ಅದು ವ್ಯಾಪಾರಕ್ಕೆ ಬಂತು. ಬಂಡೆ ಬಿರಿದ ಮೇಲೆ ಸೀಳು ಮತ್ತೆ ಮುಚ್ಚಿಕೊಳ್ಳದಿರಲೆಂದು ನೀರಿನೊಡನೆ ಮರಳನ್ನೂ ಕಳಿಸುತ್ತಾರೆ. ಬಾಗಿಲು ಮುಚ್ಚದಂತೆ ಸಂದಿಗೆ ಕಲ್ಲಿಟ್ಟ ಹಾಗೆ ಆ ಮರಳಿನ ಕಾಳುಗಳು ನಿಲ್ಲುತ್ತವೆ. ಕೊರೆವ ಬಾವಿಯನ್ನು ಆಳದಲ್ಲಿ ಅಡ್ಡಕ್ಕೆ ತಿರುಗಿಸುವ ವಿದ್ಯೆ ಇದರೊಡನೆ ಕೂಡಿಕೊಂಡ ಮೇಲೆ, ಶೇಲ್ ಎಂಬ ಬಿಗಿಯಾದ ಪದರಗಲ್ಲಿನೊಳಗಿನ ಅನಿಲವೂ ಕೈಗೆಟುಕಿತು. ಇಂದು ಅಂಥ ಒಂದೊಂದು ಬಾವಿಗೆ ಕೋಟಿಗಟ್ಟಲೆ ಲೀಟರ್ ನೀರು ಸಲ್ಲುತ್ತದೆ. ಆದರೆ ಪಂಪಿನ ಬಳಿ ನಿಂತವನಿಗೆ ಕಾಣುವುದು ಒತ್ತಡದ ಮುಳ್ಳೊಂದೆ. ಸೀಳು ಉದ್ದಕ್ಕೆ ಹೋಯಿತೋ ಮೇಲಕ್ಕೆ ಹೋಯಿತೋ, ತಾನು ಬಯಸಿದ ಪದರದಲ್ಲೇ ನಿಂತಿತೋ, ಹಳೆಯ ಯಾವುದಾದರೂ ಸ್ತರಭಂಗವನ್ನು ಹೋಗಿ ಮುಟ್ಟಿತೋ, ಆ ಮುಳ್ಳು ಹೇಳಲಾರದು.

ಆದರೆ ಬಂಡೆ ಮೌನವಾಗಿ ಬಿರಿಯುವುದಿಲ್ಲ. ಒಲೆಯ ಮೇಲಿನ ಕಾವಲಿಗೆ ನೀರು ಚಿಮುಕಿಸಿದರೆ ಚಟಪಟ ಸದ್ದು ಕೇಳುವುದಷ್ಟೆ. ಹಾಗೆ ನೀರು ನುಗ್ಗಿದ ಕಡೆಯಲ್ಲೆಲ್ಲ ಬಂಡೆಯೊಳಗಣ ಸಣ್ಣ ಸಣ್ಣ ಬಿರುಕುಗಳ ಎರಡು ಮೈಗಳು ಒಂದರ ಮೇಲೊಂದು ಸರಕ್ಕನೆ ಜಾರುತ್ತವೆ. ನೀರಿನ ಒತ್ತಡವು ಅವೆರಡನ್ನು ಒತ್ತಿ ಹಿಡಿದಿದ್ದ ಬಿಗಿಯನ್ನು ಸಡಿಲಿಸುವುದೇ ಇದಕ್ಕೆ ಕಾರಣ. ಪ್ರತಿಯೊಂದು ಜಾರುವಿಕೆಯೂ ಒಂದು ಅತಿ ಚಿಕ್ಕ ಭೂಕಂಪ. ಇದನ್ನು ಸೂಕ್ಷ್ಮಕಂಪನವೆಂದು ಕರೆಯೋಣ.

ಎಷ್ಟು ಚಿಕ್ಕದು? ಭೂಕಂಪದ ಪ್ರಮಾಣವನ್ನು ಅಳೆಯುವ ಪದ್ಧತಿಯನ್ನು ಚಾರ್ಲ್ಸ್ ರಿಕ್ಟರ್ ಎಂಬ ವಿಜ್ಞಾನಿ 1935ರಲ್ಲಿ ರೂಪಿಸಿದ. ಅಂದಿನ ಉಪಕರಣಗಳಿಗೆ ನಿಲುಕುವ ಅತಿ ಸಣ್ಣ ಕಂಪನಕ್ಕಿಂತ ಕೆಳಗೆ ಸೊನ್ನೆಯನ್ನಿಟ್ಟ. ಇಂದು ಅದಕ್ಕಿಂತಲೂ ಸಣ್ಣವನ್ನು ಅಳೆಯುವುದರಿಂದ ಅವಕ್ಕೆ ಋಣ ಸಂಖ್ಯೆಗಳು ಬರುತ್ತವೆ. ಋಣ 2 ಪ್ರಮಾಣದ ಕಂಪನದಿಂದ ಹೊರಹೊಮ್ಮುವ ಶಕ್ತಿಯು, ಆರು ಕಿಲೋ ತೂಕದ ರುಬ್ಬುಗುಂಡು ಒಂದು ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದರೆ ಉಂಟಾಗುವಷ್ಟು. ಪ್ರಮಾಣವು ಒಂದು ಹೆಚ್ಚಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯನ್ನು ನೆಲಸಮ ಮಾಡಿದ ಭೂಕಂಪ 6.2 ಪ್ರಮಾಣದ್ದು. ಬೀದರ, ಕಲಬುರ್ಗಿಗಳ ಓದುಗರಿಗೆ ಆ ರಾತ್ರಿಯನ್ನು ನಾವು ನೆನಪಿಸಬೇಕಾಗಿಲ್ಲ. ಅದರ ಶಕ್ತಿ ಆ ರುಬ್ಬುಗುಂಡಿನ ಪೆಟ್ಟಿನ ಸುಮಾರು ಎರಡು ಲಕ್ಷ ಕೋಟಿ ಪಟ್ಟು. ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ರುಬ್ಬುಗುಂಡಿನ ಆ ಸದ್ದನ್ನು ಕೇಳಬೇಕಾದರೆ ಕಿವಿಯನ್ನು ಸಮೀಪಕ್ಕೊಯ್ಯಬೇಕು. ಆದಕಾರಣ ನೀರು ನೂಕುವ ಬಾವಿಯ ಮಗ್ಗುಲಲ್ಲಿ ಇನ್ನೊಂದು ಬಾವಿಯೊಳಗೆ ಜಿಯೋಫೋನ್ ಎಂಬ ಉಪಕರಣಗಳನ್ನು ಸರದ ಮಣಿಗಳಂತೆ ಒಂದರ ಕೆಳಗೊಂದು ಇಳಿಬಿಟ್ಟು, ಬಾವಿಯ ಗೋಡೆಗೆ ಬಿಗಿದು ನಿಲ್ಲಿಸುತ್ತಾರೆ. ಜಿಯೋಫೋನಿನ ರಚನೆ ಸರಳ: ಒಂದು ಅಯಸ್ಕಾಂತ, ಸ್ಪ್ರಿಂಗಿಗೆ ತೂಗಿದ ತಂತಿಯ ಸುರುಳಿ. ನೆಲ ಅಲುಗಿದರೆ ಇವೆರಡರ ನಡುವೆ ಚಲನೆಯಾಗಿ ತಂತಿಯಲ್ಲಿ ಅತ್ಯಲ್ಪ ವಿದ್ಯುತ್ತು ಹರಿಯುತ್ತದೆ. ಮೇಲೆ-ಕೆಳಗೆ, ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಎಂದು ಮೂರು ಮುಖವಾಗಿ ಮೂರನ್ನು ಒಂದೇ ಕವಚದಲ್ಲಿ ಇಟ್ಟಿರುತ್ತಾರೆ. ಈಚೆಗೆ ಬಾವಿಯುದ್ದಕ್ಕೂ ಗಾಜಿನೆಳೆಯ ಕೇಬಲ್ ಇಳಿಸಿ, ಅದರೊಳಗೆ ಬೆಳಕು ಹಾಯಿಸಿ, ಇಡೀ ಎಳೆಯನ್ನೇ ಕಿವಿಯಾಗಿಸುವ ಕ್ರಮವೂ ಬಂದಿದೆ.

ಸದ್ದು ಬಂದ ಸ್ಥಳವನ್ನು ಗುರುತಿಸುವ ಬಗೆ ಹೀಗೆ. ಸಿಡಿಲು ಬಡಿದಾಗ ಬೆಳಕು ಮೊದಲು ಬಂದು, ಗುಡುಗು ಆಮೇಲೆ ಬರುತ್ತದೆ. ನಡುವಿನ ಹೊತ್ತನ್ನು ಎಣಿಸಿ ಸಿಡಿಲು ಎಷ್ಟು ದೂರವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಂಡೆಯಲ್ಲಿಯೂ ಎರಡು ಬಗೆಯ ಅಲೆಗಳು ಹೊರಡುತ್ತವೆ. ಒಂದು ಹಿಗ್ಗಿ ಕುಗ್ಗುತ್ತ ಸಾಗುವ ವೇಗದ ಅಲೆ, ಇನ್ನೊಂದು ಅಡ್ಡಡ್ಡ ತೂಗುತ್ತ ಬರುವ ನಿಧಾನದ ಅಲೆ. ಮೊದಲನೆಯದು ಸೆಕೆಂಡಿಗೆ 5 ಕಿಲೋಮೀಟರ್, ಎರಡನೆಯದು 3 ಕಿಲೋಮೀಟರ್ ಸಾಗುವ ಬಂಡೆಯೆಂದು ತಿಳಿಯಿರಿ. ಎರಡರ ನಡುವೆ ಸೆಕೆಂಡಿನ 100ರಲ್ಲಿ 4 ಭಾಗದ ಅಂತರವಿದ್ದರೆ, ಸದ್ದು ಹುಟ್ಟಿದ್ದು 300 ಮೀಟರ್ ದೂರದಲ್ಲಿ ಎಂದಾಯಿತು. ಮೊದಲ ಅಲೆ ಯಾವ ದಿಕ್ಕಿನಿಂದ ತಳ್ಳಿತೆಂಬುದನ್ನು ಮೂರು ಮುಖದ ಜಿಯೋಫೋನ್ ಹೇಳುತ್ತದೆ. ಬಂಡೆಯಲ್ಲಿ ಅಲೆಯ ವೇಗ ನಿಜವಾಗಿ ಎಷ್ಟೆಂದು ಮೊದಲೇ ಪರೀಕ್ಷಿಸಲು, ಉಕ್ಕಿನ ಪೈಪಿಗೆ ತೂತು ಮಾಡುವ ಸಿಡಿಗುಂಡಿನ ಸದ್ದನ್ನೇ ಉಪಯೋಗಿಸುತ್ತಾರೆ. ಅದು ಎಲ್ಲಿ ಸಿಡಿಯಿತೆಂಬುದು ಗೊತ್ತೇ ಇರುತ್ತದಲ್ಲ. ಹೀಗೆ ಒಂದೊಂದೇ ಕಂಪನವನ್ನು ಒಂದೊಂದು ಚುಕ್ಕೆಯಾಗಿ ಗುರುತಿಸುತ್ತ ಹೋದರೆ ಕೆಲವು ಗಂಟೆಗಳಲ್ಲಿ ಭೂಗರ್ಭದಲ್ಲಿ ಚುಕ್ಕೆಗಳ ಮೋಡವೊಂದು ಮೂಡುತ್ತದೆ. ನೀರು ಹೋದ ಹಾದಿಯ ರಂಗೋಲಿ ಅದು.

ಈ ವಿದ್ಯೆ ನಿಜವಾಗಿ ಬೆಳೆದದ್ದು ತೈಲಕ್ಷೇತ್ರದಲ್ಲಲ್ಲ. ನ್ಯೂ ಮೆಕ್ಸಿಕೋ ಪ್ರಾಂತದ ಫೆಂಟನ್ ಹಿಲ್ ಎಂಬಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದವರು 1970ರ ದಶಕದಲ್ಲಿ ಹೊಸದೊಂದು ಕೆಲಸಕ್ಕೆ ಕೈಹಾಕಿದರು. ಆಳದ ಬಿಸಿ ಬಂಡೆಯಲ್ಲಿ ಒಂದು ಬಾವಿಯಿಂದ ತಣ್ಣೀರು ಕಳಿಸಿ, ಇನ್ನೊಂದರಿಂದ ಬಿಸಿನೀರು ಪಡೆದು ವಿದ್ಯುತ್ ಮಾಡುವ ಯೋಜನೆ. ಎರಡು ಬಾವಿಗಳ ನಡುವೆ ಬಂಡೆಯನ್ನು ಬಿರಿಸಿ ದಾರಿ ಮಾಡಬೇಕಿತ್ತು. ಒಂದರ ಮೇಲೊಂದು ಬರುವಂತೆ ಓರೆಯಾಗಿ ಎರಡು ಬಾವಿ ಕೊರೆದು, 1983ರ ಡಿಸೆಂಬರದಲ್ಲಿ ಸುಮಾರು 21 ಸಾವಿರ ಘನಮೀಟರ್ ನೀರನ್ನು ನೂಕಿದರು. ಪುಸ್ತಕದ ಲೆಕ್ಕದಂತೆ ಸೀಳು ನೆಟ್ಟಗೆ ಮೇಲಕ್ಕೆ ಹೋಗಿ ಎರಡನೆಯ ಬಾವಿಯನ್ನು ಮುಟ್ಟಬೇಕಿತ್ತು. ಮುಟ್ಟಲಿಲ್ಲ. ಕಂಪನಗಳ ಚುಕ್ಕೆಗಳನ್ನು ಕೂಡಿಸಿ ನೋಡಿದಾಗ ಮೋಡವು ಬೇರೆಯದೇ ದಿಕ್ಕಿಗೆ ವಾಲಿ ಬೆಳೆದಿತ್ತು. ಬಂಡೆಯು ಹೊಸದಾಗಿ ಸೀಳುವ ಬದಲು ತನ್ನೊಳಗಿದ್ದ ಹಳೆಯ ಬಿರುಕುಗಳನ್ನೇ ಹಿಡಿದು ತೆರೆದುಕೊಂಡಿತ್ತು.

ಮುಂದೆ ಅವರು ಮಾಡಿದ್ದನ್ನು ನಾವು ಬಹಳ ಮೆಚ್ಚುತ್ತೇವೆ. ತಮ್ಮ ಲೆಕ್ಕವನ್ನು ಬಂಡೆ ಒಪ್ಪಲಿಲ್ಲವೆಂದು ಮತ್ತಷ್ಟು ಬಲ ಹಾಕುತ್ತಲೇ ಕೂಡ್ರದೆ, 1985ರಲ್ಲಿ ಮೇಲಿನ ಬಾವಿಯನ್ನೇ ಹೊಸದಾಗಿ ತಿರುಗಿಸಿ ಆ ಚುಕ್ಕೆಗಳ ಮೋಡದೊಳಕ್ಕೆ ಕೊರೆದರು. ಆಗ ಎರಡೂ ಬಾವಿಗಳು ಕೂಡಿಕೊಂಡವು, ನೀರು ಹರಿಯಿತು.

ಇದೇ ಪಾಠವನ್ನು ತೈಲದವರು ತಡವಾಗಿ ಕಲಿತರು. 1997ರಲ್ಲಿ ಪೂರ್ವ ಟೆಕ್ಸಾಸಿನ ಕಾಟನ್ ವ್ಯಾಲಿ ಎಂಬ ಶಿಲಾಸ್ತರದಲ್ಲಿ ಹಲವು ಸಂಸ್ಥೆಗಳು ಕೂಡಿ ದೊಡ್ಡ ಪರೀಕ್ಷೆ ನಡೆಸಿದವು. ಅನಂತರ ಫೋರ್ಟ್ ವರ್ತ್ ಸುತ್ತಣ ಬಾರ್ನೆಟ್ ಶೇಲ್‌ನಲ್ಲಿ ಕಿವಿಗೊಟ್ಟಾಗ, ಬಾವಿಯ ಎರಡು ಬದಿಗೆ ಹಕ್ಕಿಯ ರೆಕ್ಕೆಯಂತೆ ಒಂದೇ ಸೀಳು ಹೋಗುತ್ತದೆಂಬ ಹಳೆಯ ಕಲ್ಪನೆ ಮುರಿದುಬಿತ್ತು. ಸೀಳುಗಳು ಬಲೆಯಂತೆ ಅಗಲಕ್ಕೆ ಹರಡಿದ್ದವು. ಬಾವಿಗಳನ್ನು ಎಷ್ಟು ದೂರದಲ್ಲಿ ಕೊರೆಯಬೇಕೆಂಬ ಲೆಕ್ಕವೇ ಇದರಿಂದ ಬದಲಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಚುಕ್ಕೆ ಎಂದರೆ ಸೀಳಲ್ಲ, ಸದ್ದು ಮಾತ್ರ. ಸೀಳು ಬಾಯ್ದೆರೆಯುವ ಕ್ರಿಯೆ ಹೆಚ್ಚುಕಡಿಮೆ ಸದ್ದಿಲ್ಲದೆ ನಡೆಯುತ್ತದೆ. ಸದ್ದು ಮಾಡುವುದು ಅದರ ಅಕ್ಕಪಕ್ಕದ ಜಾರುವಿಕೆ. ಪಂಪು ಹಾಕಿದ ಶಕ್ತಿಯಲ್ಲಿ ಕಂಪನವಾಗಿ ಹೊರಬರುವುದು ತೀರ ಅಲ್ಪಾಂಶ. ಚುಕ್ಕೆ ಬಿದ್ದಲ್ಲೆಲ್ಲ ಮರಳು ತಲಪಿದೆಯೆಂದಾಗಲಿ, ಬೀಳದ ಕಡೆ ನೀರು ಹೋಗಿಲ್ಲವೆಂದಾಗಲಿ ಹೇಳಬರುವುದಿಲ್ಲ. ಬಣ್ಣದ ಚುಕ್ಕೆಗಳ ಚಿತ್ರ ತೋರಿಸಿ ಎಲ್ಲವನ್ನೂ ಕಂಡೆವೆನ್ನುವ ವ್ಯಾಪಾರಿಗಳ ಮಾತನ್ನು ವಿಜ್ಞಾನಿಗಳೇ ಒಪ್ಪುವುದಿಲ್ಲ.

ಬಂಡೆಯ ಸದ್ದಿಗೆ ಕಿವಿಗೊಡುವ ಕೆಲಸ ನಮ್ಮ ನಾಡಿಗೆ ಹೊಸದಲ್ಲವೆಂಬುದನ್ನೂ ಹೇಳಬೇಕು. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಅಲ್ಲಿ ಮೇಲಿನ ಭಾರ ತಾಳದೆ ಬಂಡೆ ಸಿಡಿದು ಕಾರ್ಮಿಕರ ಜೀವ ತೆಗೆಯುತ್ತಿತ್ತು. 1970ರ ದಶಕದ ಕೊನೆಯಲ್ಲಿ ಭಾಭಾ ಅಣು ಸಂಶೋಧನ ಕೇಂದ್ರದವರು ಆ ಗಣಿಯಲ್ಲಿ ಜಿಯೋಫೋನ್‌ಗಳ ಜಾಲ ಹೂಡಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅಲ್ಲಿಯೇ ಹುಟ್ಟಿತು. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಬಂಡೆಯನ್ನು ಒಡೆಯುತ್ತಿದ್ದುದು ನೀರಲ್ಲ, ಭಾರ. ಕೇಳುವ ವಿದ್ಯೆ ಮಾತ್ರ ಒಂದೇ.

ಇನ್ನು ಹುಬ್ಬಳ್ಳಿಯ ಓದುಗ ತಾಯಿಯೊಬ್ಬರು ನಮಗೆ ಬರೆದಿದ್ದ ಪತ್ರದ ವಿಷಯಕ್ಕೆ ಬರುತ್ತೇವೆ. ಅವರ ಮಗ, ಸೊಸೆ ಅಮೆರಿಕಾದ ಒಕ್ಲಹೋಮಾ ಪ್ರಾಂತದಲ್ಲಿದ್ದಾರೆ. 2016ರ ಸೆಪ್ಟೆಂಬರ್ 3ರಂದು ಪಾನೀ ಎಂಬ ಊರಿನ ಬಳಿ 5.8 ಪ್ರಮಾಣದ ಭೂಕಂಪವಾದಾಗ ಮೊಮ್ಮಗುವಿನ ತೊಟ್ಟಿಲು ತಾನಾಗಿಯೇ ತೂಗಿತಂತೆ. "ತೈಲಕ್ಕಾಗಿ ಕಲ್ಲು ಒಡೆದು ಹೀಗಾಯಿತೆನ್ನುತ್ತಾರೆ, ನಿಜವೆ?" ಎಂಬುದು ಅವರ ಪ್ರಶ್ನೆ.

ನಿಜವೂ ಹೌದು, ಅಲ್ಲವೂ ಹೌದು. ಒಕ್ಲಹೋಮಾದಲ್ಲಿ 2009ಕ್ಕೆ ಮೊದಲು 3 ಪ್ರಮಾಣ ಮೀರಿದ ಕಂಪನ ವರ್ಷಕ್ಕೆ ಒಂದೋ ಎರಡೋ ಆಗುತ್ತಿತ್ತು. 2015ರಲ್ಲಿ ಸುಮಾರು 900 ಆದವು. ಆದರೆ ಇವುಗಳಲ್ಲಿ ಬಹುಪಾಲಿಗೆ ಕಾರಣ ಬಂಡೆ ಬಿರಿಸುವ ಕೆಲವು ಗಂಟೆಗಳ ಕೆಲಸವಲ್ಲ. ತೈಲದೊಡನೆ ಮೇಲೆ ಬರುವ ಪುರಾತನ ಉಪ್ಪುನೀರನ್ನು ಮತ್ತೆ ಆಳದ ಪದರಕ್ಕೆ ವರ್ಷಗಟ್ಟಲೆ ನೂಕಿದ್ದು ಕಾರಣ. ಆ ಒತ್ತಡ ಮೆಲ್ಲಗೆ ಹರಡುತ್ತ ಕೆಳಗಿನ ಹಳೆಯ ಸ್ತರಭಂಗಗಳನ್ನು ತಲಪಿತು. ಸರಕಾರ ಆ ನೀರಿನ ಪ್ರಮಾಣ ಕಡಿತಗೊಳಿಸಿದ ಮೇಲೆ ಮುಂದಿನ ವರ್ಷಗಳಲ್ಲಿ ಕಂಪನಗಳೂ ಇಳಿದವು. ಹಾಗೆಂದು ಬಂಡೆ ಬಿರಿಸುವಿಕೆ ನಿರ್ದೋಷಿಯಲ್ಲ. ಚೀನಾದ ಸಿಚುವಾನ್ ಪ್ರಾಂತದಲ್ಲಿ 2018ರ ಡಿಸೆಂಬರದಲ್ಲಿ 5 ಮೀರಿದ ಭೂಕಂಪವನ್ನು ವಿಜ್ಞಾನಿಗಳು ನೇರವಾಗಿ ಅದಕ್ಕೇ ಜೋಡಿಸಿದ್ದಾರೆ.

ನೀರು ನೂಕುವುದಕ್ಕೂ ನೆಲ ನಡುಗುವುದಕ್ಕೂ ಸಂಬಂಧವುಂಟೆಂದು ಜನ ಮೊದಲು ಕಂಡದ್ದು ಡೆನ್ವರ್ ನಗರದ ಹತ್ತಿರ. ಅಲ್ಲಿಯ ಸೇನಾ ಕಾರ್ಖಾನೆಯೊಂದು ತನ್ನ ವಿಷದ ನೀರನ್ನು 1962ರ ಮಾರ್ಚಿನಿಂದ 3,671 ಮೀಟರ್ ಆಳದ ಬಾವಿಗೆ ಸುರಿಯಿತು. ಮರುತಿಂಗಳೇ ಕಂಪನಗಳು ತೊಡಗಿದವು. ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ಸುರಿದ ನೀರಿನ ಲೆಕ್ಕವನ್ನೂ ಕಂಪನಗಳ ಲೆಕ್ಕವನ್ನೂ ಮಗ್ಗುಲು ಮಗ್ಗುಲಿಗೆ ಇಟ್ಟು 1965ರಲ್ಲಿ ಬಹಿರಂಗವಾಗಿ ತೋರಿಸಿದ. 1966ರ ಫೆಬ್ರುವರಿಯಲ್ಲಿ ಸುರಿಯುವುದು ನಿಂತಿತು. ಆದರೆ ಎಲ್ಲಕ್ಕಿಂತ ದೊಡ್ಡ ಕಂಪನಗಳು ಆದದ್ದು ನಿಲ್ಲಿಸಿದ ಮೇಲೆ, 1967ರಲ್ಲಿ! ಒಳಗೆ ಹೋದ ಒತ್ತಡ ಪಂಪು ನಿಂತಿತೆಂದು ನಿಲ್ಲುವುದಿಲ್ಲ. ಮುಂದೆ 1969ರಿಂದ 1973ರವರೆಗೆ ಅದೇ ಪ್ರಾಂತದ ರೇಂಜ್ಲಿ ತೈಲಕ್ಷೇತ್ರದಲ್ಲಿ ಸರಕಾರಿ ಭೂವಿಜ್ಞಾನಿಗಳು ಬೇಕೆಂದೇ ಒತ್ತಡ ಏರಿಸಿ ಇಳಿಸಿ, ಕಂಪನಗಳು ಅದರೊಡನೆ ಏರಿಳಿಯುವುದನ್ನು ಸಿದ್ಧಪಡಿಸಿದರು.

ಇದರಿಂದ ಹುಟ್ಟಿದ್ದು ಬೀದಿದೀಪದ ನಿಯಮ. ಚೌಕದ ಹಸಿರು, ಹಳದಿ, ಕೆಂಪು ದೀಪದಂತೆ, ಕಂಪನಗಳು ಸಣ್ಣವಿದ್ದರೆ ಮುಂದುವರಿಯುವುದು, ಹೆಚ್ಚಿದರೆ ಒತ್ತಡ ತಗ್ಗಿಸುವುದು, ಮಿತಿ ಮೀರಿದರೆ ನಿಲ್ಲಿಸುವುದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಈ ನಿಯಮವಿಟ್ಟುಕೊಂಡೇ 5 ಕಿಲೋಮೀಟರ್ ಆಳದ ಬಾವಿಗೆ 2006ರ ಡಿಸೆಂಬರ್ 2ರಿಂದ ನೀರು ನೂಕಿದರು. ಭೂಶಾಖದ ವಿದ್ಯುತ್ತು ಉದ್ದೇಶ. 1356ರಲ್ಲಿ ಭೂಕಂಪದಿಂದ ಹಾಳಾಗಿದ್ದ ಊರು ಅದು. ಜಿಯೋಫೋನ್‌ಗಳಿಗೆ ಹತ್ತು ಸಾವಿರಕ್ಕೂ ಮಿಕ್ಕ ಸೂಕ್ಷ್ಮಕಂಪನಗಳು ಕೇಳಿಸಿದವು. 8ರ ಬೆಳಗಿನ ಜಾವ ಕಂಪನಗಳು ಮಿತಿ ಮುಟ್ಟಿದವು. ನಿಯಮದಂತೆ ಪಂಪು ನಿಲ್ಲಿಸಿದರು. ಅದೇ ಸಂಜೆ 3.4 ಪ್ರಮಾಣದ ಕಂಪನ ಇಡೀ ಊರನ್ನು ಅಲುಗಿಸಿತು. ಗೋಡೆ ಬಿರುಕುಬಿಟ್ಟ ಸಾವಿರಾರು ದೂರುಗಳು ಬಂದವು. 2009ರಲ್ಲಿ ಯೋಜನೆಯನ್ನು ಪೂರ್ಣ ಕೈಬಿಡಲಾಯಿತು. ಕೆಂಪು ದೀಪ ಸರಿಯಾಗಿಯೇ ಹತ್ತಿತ್ತು, ಆದರೆ ಆಗಲೇ ತಡವಾಗಿತ್ತು.

ಬಾಸೆಲ್ಲಿನಲ್ಲಿ ಬಿರಿದದ್ದು ಗೋಡೆಯ ಗಾರೆ. ದಕ್ಷಿಣ ಕೊರಿಯಾದ ಪೋಹಾಂಗ್ ನಗರದಲ್ಲಿ ನಡೆದದ್ದು ಹಾಗಲ್ಲ. ಅಲ್ಲಿಯೂ ಭೂಶಾಖಕ್ಕಾಗಿಯೇ 2016ರ ಜನವರಿಯಿಂದ 2017ರ ಸೆಪ್ಟೆಂಬರದವರೆಗೆ ಐದು ಸಲ ನೀರು ನೂಕಿದ್ದರು. 2017ರ ಏಪ್ರಿಲ್‌ದಲ್ಲಿ 3 ಮೀರಿದ ಕಂಪನವಾಗಿತ್ತು. ಆದರೂ ಕೆಲಸ ಮುಂದುವರಿಯಿತು. ನವೆಂಬರ್ 15ರಂದು ಸುಮಾರು 5.5 ಪ್ರಮಾಣದ ಭೂಕಂಪ ಎರಗಿತು. ನೂರಕ್ಕೂ ಹೆಚ್ಚು ಜನ ಗಾಯಗೊಂಡರು, ಸಾವಿರಕ್ಕೂ ಹೆಚ್ಚು ಜನ ಮನೆ ತೊರೆದು ಶಿಬಿರ ಸೇರಿದರು. ಮರುದಿನ ಇಡೀ ದೇಶದ ಮಕ್ಕಳ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಿತ್ತು. ಅದನ್ನು ಒಂದು ವಾರ ಮುಂದೂಡಬೇಕಾಯಿತು. ಸರಕಾರ ನೇಮಿಸಿದ ಆಯೋಗವು 2019ರ ಮಾರ್ಚಿನಲ್ಲಿ, ಈ ಭೂಕಂಪವನ್ನು ಕೆರಳಿಸಿದ್ದು ಆ ನೀರೇ ಎಂದು ಹೇಳಿತು. ನಮ್ಮನ್ನು ಹೆಚ್ಚು ಕಾಡಿದ ಸಂಗತಿ ಬೇರೆ. ಮೊದಲಿನ ಸೂಕ್ಷ್ಮಕಂಪನಗಳ ಚುಕ್ಕೆಗಳನ್ನು ಭೂಕಂಪವಾದ ಮೇಲೆ ಮತ್ತೆ ನಿಖರವಾಗಿ ಗುರುತಿಸಿ ನೋಡಿದಾಗ, ಅವು ಮೋಡದಂತೆ ಚದುರದೆ ಒಂದು ಓರೆಯಾದ ಹಲಗೆಯಂತೆ ಸಾಲುಗೂಡಿದ್ದವು. ಯಾರ ನಕ್ಷೆಯಲ್ಲೂ ಇರದಿದ್ದ ಸ್ತರಭಂಗವೊಂದು ತಾನಿಲ್ಲಿರುವೆನೆಂದು ಆ ಚುಕ್ಕೆಗಳಲ್ಲಿ ಬರೆದು ತೋರಿಸಿತ್ತು. ಕಿವಿಗಳಿದ್ದವು. ಕೇಳಿದ್ದನ್ನು ಕೂಡಿಸಿ ಓದುವವರು ಆ ಹೊತ್ತಿಗೆ ಓದಲಿಲ್ಲ.

ಇಂಗ್ಲೆಂಡಿನವರು ಬಹು ಬಿಗಿಯಾಗಿ 0.5 ಪ್ರಮಾಣಕ್ಕೇ ಕೆಂಪು ದೀಪವಿಟ್ಟರು. ಆದರೂ 2019ರ ಆಗಸ್ಟ್ 26ರಂದು ಬ್ಲ್ಯಾಕ್‌ಪೂಲ್ ಹತ್ತಿರ 2.9ರ ಕಂಪನವಾಗಿ, ಆ ನವೆಂಬರದಲ್ಲಿ ಶೇಲ್ ಅನಿಲದ ಕೆಲಸಕ್ಕೆ ತಡೆ ಬಿತ್ತು.

ಇಷ್ಟಾದರೂ ವಿದ್ಯೆಯನ್ನು ದೂರುವುದು ನಮ್ಮ ಉದ್ದೇಶವಲ್ಲ. ಅಮೆರಿಕಾದ ಯೂಟಾ ಪ್ರಾಂತದ ಮಿಲ್ಫರ್ಡ್ ಊರಿನ ಬಳಿ, ಜನವಸತಿಯಿಂದ ದೂರದಲ್ಲಿ, ಸರಕಾರದ ಭೂಶಾಖ ಪ್ರಯೋಗಶಾಲೆಯೊಂದಿದೆ. ಅಲ್ಲಿಯವರು 2022ರಲ್ಲಿ ಒಂದು ಬಾವಿಯಿಂದ ಗ್ರಾನೈಟ್ ಬಂಡೆಯನ್ನು ಬಿರಿಸಿದರು. ಎರಡನೆಯ ಬಾವಿಯನ್ನು ಆಗಲೇ ಕೊರೆಯಲಿಲ್ಲ. ಚುಕ್ಕೆಗಳ ಮೋಡ ಎಲ್ಲಿ ನಿಂತಿತೆಂದು ನೋಡಿಕೊಂಡು, 2023ರಲ್ಲಿ ಅದರೊಳಗೆ ಹಾಯುವಂತೆ ಕೊರೆದರು. ಒಂದರಿಂದ ಹೋದ ನೀರು ಇನ್ನೊಂದರಿಂದ ಬಂತು. ಫೆಂಟನ್ ಹಿಲ್‌ನಲ್ಲಿ ಸೋತು ಕಲಿತದ್ದನ್ನು ಇಲ್ಲಿ ಮೊದಲೇ ಮಾಡಿದರು ಎನ್ನಬಹುದು.

ಕೊಪ್ಪಳದ ಆ ಹಿರಿಯ ತಾಯಿಗೆ ಇದನ್ನೆಲ್ಲ ನಾವು ಹೋದ ವರ್ಷ ಹೇಳಿದೆವು. ಅವರು ಗಾಬರಿಗೊಂಡು, ತಮ್ಮ ಹೊಲದಲ್ಲಿಯೂ ನೆಲ ನಡುಗೀತೇ ಎಂದು ಕೇಳಿದರು. ಕೊಳವೆಬಾವಿಯ ಆಳ ನೂರಿನ್ನೂರು ಮೀಟರ್, ನೂಕುವ ನೀರು ಒಂದೆರಡು ಟ್ಯಾಂಕರ್, ಹೊತ್ತು ಕೆಲವು ನಿಮಿಷ. ಅಂಥ ಭಯಕ್ಕೆ ಕಾರಣವಿಲ್ಲವೆಂದು ಹೇಳಿದೆವು. ನೆರೆಹೊಲದವರ ಬಾವಿ ಮೂರು ದಿನಕ್ಕೆ ತಿಳಿಯಾಗಿತ್ತಂತೆ. ಇವರ ಬಾವಿಯಲ್ಲಿ ಆ ವರ್ಷ ಒಂದೂವರೆ ಇಂಚು ನೀರು ಬಂದು, ಎರಡು ಬೇಸಿಗೆ ಕಳೆದವು. ಈಗ ಮತ್ತೆ ಕಡಿಮೆಯಾಗಿದೆ. ಲಾರಿಯನ್ನು ಇನ್ನೊಮ್ಮೆ ಕರೆಸುವ ಮುನ್ನ ನೆರೆಯವರಿಗೆ ಹೇಳಿಯೇ ಕರೆಸುವುದೆಂದು ಮನೆಯಲ್ಲಿ ಮಾತಾಗಿದೆ.